ಎಡಗೈ ಹುಡುಗಿಗೆ ಕೊಟ್ಟ ತಲೆ

ಸಿಟ್ಟು ಬಂದಾಗ ಕತ್ತರಿ ಕೆಳಗಿಡಬೇಕು. ನಮ್ಮ ಕಸುಬಿನಲ್ಲಿ ಇದು ಮೊದಲ ಪಾಠ. ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಹಾಗಾಗಿ ಮೂವತ್ತೆರಡು ವರ್ಷಗಳಲ್ಲಿ ನಾನು ಕತ್ತರಿ ಹಿಡಿದದ್ದಕ್ಕಿಂತ ಕೆಳಗಿಟ್ಟದ್ದೇ ಹೆಚ್ಚು ಎಂದು ನಮ್ಮ ಮನೆಯವಳು ಹೇಳುತ್ತಾಳೆ. ಹೇಳಲಿ ಬಿಡಿ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಕಿವಿಗೂ ಗಾಯವಾಗಿಲ್ಲ. ಅದನ್ನು ಮಾತ್ರ ಅವಳು ಯಾರಿಗೂ ಹೇಳುವುದಿಲ್ಲ.

ನನ್ನದು ಮೂರು ಕುರ್ಚಿಯ ಕ್ಷೌರದಂಗಡಿ. ಎರಡು ಕುರ್ಚಿಗಳಲ್ಲಿ ಗಿರಾಕಿಗಳು ಕೂರುತ್ತಾರೆ, ಮೂರನೆಯದರಲ್ಲಿ ಪೋಸ್ಟ್‌ಮಾಸ್ತರರು. ಅವರು ನಿವೃತ್ತರಾಗಿ ಹತ್ತು ವರ್ಷವಾಯಿತು, ಅವರ ತಲೆಯ ಕೂದಲು ನಿವೃತ್ತಿಯಾಗಿ ಇಪ್ಪತ್ತು ವರ್ಷವಾಯಿತು. ಆದರೂ ಬೆಳಿಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಾರೆ. ಪೇಪರ್ ಓದುತ್ತಾರೆ, ನನ್ನ ಸಂಸಾರದ ವಿಷಯದಲ್ಲಿ ಮೂಗು ತೂರಿಸುತ್ತಾರೆ, ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ.

ನಮಗಿರುವುದು ಒಬ್ಬಳೇ ಮಗಳು. ಹತ್ತೊಂಬತ್ತು ತುಂಬಿದರೂ ಮನೆಯಲ್ಲಿ ಅವಳು ಪಾಪುವೇ. ಹೆಂಗಸರ ಕೂದಲು, ಮುಖ, ಚರ್ಮ, ಉಗುರು ಎಲ್ಲದರ ಕೆಲಸವನ್ನೂ ಕ್ರಮವಾಗಿ ಕಲಿಯಬೇಕು, ಸರ್ಕಾರಿ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು, ನನ್ನ ಅಂಗಡಿಯ ಪಕ್ಕದ ಖಾಲಿ ಮಳಿಗೆಯಲ್ಲಿ ಬ್ಯೂಟಿ ಪಾರ್ಲರ್ ಇಡಬೇಕು ಎಂಬುದು ಅವಳ ಆಸೆ. ಆಸೆಯೇನೋ ಚೆನ್ನಾಗಿಯೇ ಇತ್ತು. ಕೆಡಿಸಿದವನು ನಾನು.

ಹೇಗೆ ಅಂತೀರಾ? ಅವಳಿಗೆ ಬ್ಯೂಟಿ ಸ್ಕೂಲ್ ಆರಿಸಿ ಕೊಟ್ಟವನು ನಾನೇ. ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲು, ಪೆಡಲ್ ಒತ್ತಿದರೆ ಮೇಲೇಳುವ ಬಿಳಿ ಕುರ್ಚಿಗಳು, ಗೋಡೆಯ ಮೇಲೆ ಚಿನ್ನದ ಬಣ್ಣದ ಕಟ್ಟು ಹಾಕಿದ ಸರ್ಟಿಫಿಕೇಟು. ಪ್ರಿನ್ಸಿಪಾಲ್ ಎನ್ನುವವನು ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ‘ನಿಮ್ಮಂಥ ಅನುಭವಸ್ಥರು ನಮ್ಮ ಶಾಲೆಗೆ ಬರೋದೇ ನಮ್ಮ ಪುಣ್ಯ ಸರ್’ ಅಂದ. ನನ್ನ ಜನ್ಮದಲ್ಲಿ ನನ್ನನ್ನು ಯಾರೂ ಸರ್ ಎಂದು ಕರೆದಿರಲಿಲ್ಲ. ಕುರ್ಚಿಯಷ್ಟೇ ನಾನೂ ಮೇಲೆದ್ದೆ. ಉಗುರಿನ ಮೇಲೆ ಎಳೆದು ನೋಡಿ ರೇಜರಿನ ಅಲಗು ಯಾವುದು, ತಗಡು ಯಾವುದು ಎಂದು ಹೇಳುವ ಮನುಷ್ಯ ನಾನು. ಆ ಸರ್ಟಿಫಿಕೇಟಿನಲ್ಲಿ ಏನು ಬರೆದಿದೆ ಎಂದು ಒಂದು ಸಲ ಓದಿ ನೋಡಲಿಲ್ಲ.

ಏಳು ತಿಂಗಳ ಮೇಲೆ ಮಗಳೇ ಓದಿ ಹೇಳಿದಳು. ಅದು ಕುರ್ಚಿಗಳನ್ನು ಮಾಡಿದ ಕಂಪನಿ ಕುರ್ಚಿಗಳಿಗೆ ಕೊಟ್ಟ ಗ್ಯಾರಂಟಿ ಪತ್ರ! ಮಕ್ಕಳನ್ನು ಸರ್ಕಾರಿ ಪರೀಕ್ಷೆಗೆ ಕೂರಿಸುವ ಪರವಾನಗಿಯೇ ಆ ಶಾಲೆಗೆ ಇರಲಿಲ್ಲ. ಊರಿನವರ ತಲೆ ಬೋಳಿಸುವವನ ತಲೆಯನ್ನೇ ಬೋಳಿಸಿ ಕಳಿಸಿದ್ದರು.

ನನ್ನ ಮಾನ ಹೋದದ್ದು ಹಾಗಿರಲಿ, ಮಗಳು ಕಳೆದುಕೊಂಡದ್ದು ದೊಡ್ಡದು. ಏಳು ತಿಂಗಳು ಟವೆಲು ಮಡಚಿದಳು, ನೆಲ ಗುಡಿಸಿದಳು, ನಾಲ್ಕು ಹುಡುಗಿಯರಿಗೆ ಒಂದರಂತೆ ಕೊಟ್ಟ ರಬ್ಬರ್ ತಲೆಯ ಕೂದಲು ಬಾಚಿದಳು. ಅಪರೂಪಕ್ಕೆ ಜೀವಂತ ಗಿರಾಕಿ ಬಂದು ಇವಳ ಕೈಗೆ ಕತ್ತರಿ ಸಿಕ್ಕರೆ, ಎರಡನೇ ಸಲ ಕತ್ತರಿ ಆಡಿಸುವಷ್ಟರಲ್ಲಿ ಟೀಚರ್ ಬಂದು ಕಿತ್ತುಕೊಂಡು, ‘ಗಿರಾಕಿ ಹಾಳಾಗ್ತಾರೆ, ಸರಿ ಆಚೆ’ ಎನ್ನುತ್ತಿದ್ದರಂತೆ. ಕಲಿಯಲು ಹೋದವಳು ಕೈ ನಡುಕ ಒಂದನ್ನು ಕಲಿತು ಬಂದಳು. ಮನೆಗೆ ಬಂದ ಮೇಲೆ ಕತ್ತರಿ ಮುಟ್ಟಲಿಲ್ಲ. ಅವಳಿಗೆ ಹದಿನಾರು ತುಂಬಿದಾಗ ನಾನು ಕೊಟ್ಟಿದ್ದ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿ ಹಾಕಿಬಿಟ್ಟಳು.

ಈ ಸಂದಿಗೆ ಕಾದಿದ್ದವನು ನನ್ನ ಭಾವಮೈದ. ಅವನದು ಔಷಧಿ ಅಂಗಡಿ. ‘ಭಾವಾ, ಒಂದನೇ ತಾರೀಖಿಂದ ಪಾಪು ನನ್ನ ಕೌಂಟರಿಗೆ ಬರ್ಲಿ. ಫ್ಯಾನ್ ಕೆಳಗೆ ಕೂತು ಬಿಲ್ ಹಾಕ್ಕೊಂಡಿರ್ಲಿ. ಈ ಕೂದಲು ಗೀದಲು ಎಲ್ಲಾ ಯಾಕೆ?’ ಅಂದ. ಕೂದಲು ಗೀದಲಂತೆ! ಅವನ ತಂಗಿಯನ್ನು ಇಪ್ಪತ್ತೆರಡು ವರ್ಷದಿಂದ ಸಾಕಿದ್ದು ಯಾವ ಕೂದಲು? ನಾನು ಕತ್ತರಿ ಕೆಳಗಿಟ್ಟೆ.

ಆದರೆ ನಮ್ಮ ಮನೆಯವಳು ಅಣ್ಣನ ಮಾತನ್ನು ತೆಗೆದುಹಾಕಲಿಲ್ಲ. ಅವಳಿಗೆ ಆಸ್ಪತ್ರೆಯಲ್ಲಿ ಕೆಲಸ. ಆಪರೇಷನ್ ಸಾಮಾನುಗಳನ್ನು ತೊಳೆದು, ಕುದಿಸಿ, ಎಣಿಸಿ ಇಡುವುದು. ಹಾಗಾಗಿ ಮಾತೂ ಕುದಿಸಿ ಇಟ್ಟಂತೆಯೇ ಇರುತ್ತದೆ.

‘ರೀ, ಈ ಶುಕ್ರವಾರ ಎಲ್ಲಾ ಕಡೆ ಅಡ್ಮಿಷನ್ ಮುಗಿಯತ್ತೆ. ಅಷ್ಟರೊಳಗೆ ಸರಿಯಾದ ಶಾಲೆ ಸಿಕ್ಕಿದ್ರೆ ಸೇರ್ಲಿ. ಇಲ್ದೇ ಹೋದ್ರೆ ಒಂದನೇ ತಾರೀಖು ಅಣ್ಣನ ಅಂಗಡಿ. ಅವಳನ್ನ ಇನ್ನೊಂದು ವರ್ಷ ಹೀಗೆ ಮೂಲೇಲಿ ಕೂರಿಸಿ ನೋಡಕ್ಕೆ ನನ್ ಕೈಲಾಗಲ್ಲ.’

‘ಈ ಸಲ ನಾನು ಎಚ್ಚರವಾಗಿರ್ತೀನಿ ಕಣೇ.’

‘ನೀವು ಎಚ್ಚರವಾಗಿರೋದು ಬೇಡ. ಇದನ್ನ ಇಟ್ಕೊಳ್ಳಿ’ ಎಂದು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕೈಗಿಟ್ಟಳು. ಹಿಂದುಗಡೆ ಪೆನ್ಸಿಲಿನಲ್ಲಿ ಪ್ರಶ್ನೆಗಳು. ಪರವಾನಗಿ ಯಾವ ವರ್ಷದ್ದು, ಹೋದ ಸಲ ಎಷ್ಟು ಜನ ಪರೀಕ್ಷೆಗೆ ಕೂತರು, ಎಷ್ಟು ಜನ ಪಾಸಾದರು, ಒಬ್ಬ ಟೀಚರಿಗೆ ಎಷ್ಟು ಮಕ್ಕಳು, ಬಾಚಣಿಗೆ ಕತ್ತರಿಗಳನ್ನು ಒಬ್ಬರಿಗೆ ಬಳಸಿದ ಮೇಲೆ ಎಷ್ಟು ನಿಮಿಷ ಔಷಧಿ ನೀರಿನಲ್ಲಿ ನೆನೆಸುತ್ತಾರೆ. ಈ ಕೊನೆಯದಕ್ಕೆ ಎರಡು ಗೆರೆ ಎಳೆದಿದ್ದಳು.

ಪೋಸ್ಟ್‌ಮಾಸ್ತರರು ಹಾಳೆಯನ್ನು ಕನ್ನಡಕ ಏರಿಸಿ ಓದಿ, ‘ಎಲ್ಲಾ ಸರಿ. ಆದ್ರೆ ಬಾಯಲ್ಲಿ ಕೇಳಿದ್ರೆ ಬಾಯಲ್ಲೇ ಉತ್ತರ ಸಿಗತ್ತಪ್ಪಾ’ ಅಂದರು. ‘ನಲವತ್ತು ವರ್ಷ ಲಕೋಟೆ ನೋಡಿದೋನು ನಾನು. ಲಕೋಟೆ ಅಂದವಾಗಿದೆ ಅಂತ ಒಳಗಿನ ಕಾಗದ ಒಳ್ಳೇದು ಅಂತಲ್ಲ.’

‘ಹಾಗಾದ್ರೆ ಒಳಗಿನ ಕಾಗದ ಹೇಗೆ ನೋಡೋದು ಮಾಸ್ತರೇ?’

‘ಅದು ನಿನ್ನ ಕಸುಬು. ನನ್ನ ಕೇಳಿದ್ರೆ?’

ಆ ಮಾತು ನನ್ನ ತಲೆಗೆ ಹೊಕ್ಕಿತು. ಕೂದಲು ಕತ್ತರಿಸುವ ಜಾಗದಲ್ಲಿ ಏನಿರಬೇಕು? ಕೂದಲಿರಬೇಕು! ದಿನಕ್ಕೆ ಹತ್ತು ತಲೆಗೆ ಕೆಲಸವಾದರೆ ಕಸದ ಬುಟ್ಟಿ ಸುಳ್ಳು ಹೇಳುವುದಿಲ್ಲ. ಅಡುಗೆ ಮಾಡಿದ ಒಲೆ ಬಿಸಿಯಿರಲೇಬೇಕು, ಅಷ್ಟೇ.

ಊರಿನಲ್ಲಿ ನೋಡಲು ಉಳಿದಿದ್ದದ್ದು ಇನ್ನೆರಡೇ ಶಾಲೆ. ಗುರುವಾರ ನಾನು, ಮಗಳು ಮೊದಲನೆಯದಕ್ಕೆ ಹೋದೆವು. ನುಣ್ಣನೆಯ ನೆಲ, ಗೋಡೆಯ ತುಂಬ ಕನ್ನಡಿ, ತಣ್ಣನೆಯ ಗಾಳಿ. ಆಫೀಸಿನ ಹೆಂಗಸು ಬಣ್ಣದ ಪುಸ್ತಕ ತೋರಿಸುತ್ತ ಮಗಳೊಡನೆ ಮಾತಾಡುತ್ತಿದ್ದಾಗ ನಾನು ಮೆಲ್ಲನೆ ಒಳಗೆ ಜಾರಿಕೊಂಡೆ. ಕೂದಲು ತೊಳೆಯುವ ಬೇಸಿನ್ನಿನ ಜಾಲರಿಯ ಮೇಲೆ ಬೆರಳಾಡಿಸಿದೆ. ಒಣಗಿ ಧೂಳು ಹಿಡಿದಿತ್ತು. ಒಂದು ಬುಟ್ಟಿಯ ಮುಚ್ಚಳ ತೆಗೆದೆ. ಕಾಗದದ ಲೋಟಗಳು. ಎರಡನೇ ಬುಟ್ಟಿ. ಬಿಸ್ಕತ್ತಿನ ಪೊಟ್ಟಣ. ಮೂರನೆಯದರಲ್ಲಿ ಮೊಣಕೈವರೆಗೂ ಕೈ ಹಾಕಿದ್ದಾಗ ಹಿಂದಿನಿಂದ ದನಿ ಕೇಳಿಸಿತು.

‘ಏನ್ ಸರ್, ಏನಾದ್ರೂ ಕಳ್ಕೊಂಡ್ರಾ?’

‘ಕೂದಲು’ ಅಂದೆ.

ಆ ಹೆಂಗಸು ನನ್ನ ತಲೆಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ಸೆಕ್ಯುರಿಟಿಯವನನ್ನು ಕರೆದಳು. ಮಗಳು ನನ್ನ ತೋಳು ಹಿಡಿದು ಎಳೆದುಕೊಂಡು ಹೊರಗೆ ಬಂದಳು. ‘ಅಪ್ಪಾ, ನಿನ್ ಜೊತೆ ಬಂದ್ರೆ ಮರ್ಯಾದೆ ಮೂರು ಕಾಸಿಗೆ ಹರಾಜು!’ ಎಂದು ಬೈದಳು. ಆದರೆ ಮೆಟ್ಟಿಲ ಮೇಲೆ ಕೂತಿದ್ದ ಇಬ್ಬರು ವಿದ್ಯಾರ್ಥಿನಿಯರನ್ನು ಅವಳೇ ಮಾತಾಡಿಸಿದಳು. ಐದು ತಿಂಗಳಾಯಿತಂತೆ, ಇನ್ನೂ ರಬ್ಬರ್ ತಲೆಯೇ ಅಂತೆ. ಮನುಷ್ಯರ ತಲೆ ಯಾವಾಗ ಎಂದು ಕೇಳಿದರೆ ‘ಮುಂದೆ, ಮುಂದೆ’ ಎನ್ನುತ್ತಾರಂತೆ. ಬಸ್ಸಿನಲ್ಲಿ ಮಗಳು ಕಿಟಕಿ ಕಡೆ ಮುಖ ತಿರುಗಿಸಿ ಕೂತಿದ್ದಳು.

‘ಮಾವನ ಅಂಗಡೀನೇ ಸರಿ ಬಿಡಪ್ಪಾ’ ಅಂದಳು, ನಮ್ಮ ಸ್ಟಾಪ್ ಬರುವ ಹೊತ್ತಿಗೆ. ‘ನಾಳೆ ಇನ್ನೊಂದನ್ನೂ ನೋಡಿಬಿಡೋಣ’ ಅಂದೆ.

ಉಳಿದದ್ದು ಶುಕ್ರವಾರ, ಉಳಿದದ್ದು ಒಂದು ಶಾಲೆ. ಹಳೆಯ ಪೇಟೆಯ ಬೀದಿಯಲ್ಲಿ, ಲಾಂಡ್ರಿಯ ಮಹಡಿಯ ಮೇಲೆ. ಇಬ್ಬರು ಒಟ್ಟಿಗೆ ಹತ್ತಲಾಗದ ಮೆಟ್ಟಿಲು. ಕೆಳಗಿನಿಂದ ಇಸ್ತ್ರಿಯ ಹಬೆ, ಮೇಲಿನಿಂದ ಶಾಂಪೂವಿನ ವಾಸನೆ. ಬಾಗಿಲ ಮೇಲೆ ಕೈಬರಹದ ರಟ್ಟು: ‘ಇಲ್ಲಿ ಕಲಿಯುವವರು ಕೆಲಸ ಮಾಡುತ್ತಾರೆ. ತಾಳ್ಮೆ ಇದ್ದವರು ಮಾತ್ರ ಒಳಗೆ ಬನ್ನಿ.’ ನನಗೆ ತಾಳ್ಮೆ ಇಲ್ಲ. ಆದರೂ ಒಳಗೆ ಹೋದೆ.

ಬುಟ್ಟಿ ಹುಡುಕುವ ಕಷ್ಟವೇ ಬರಲಿಲ್ಲ. ಬಾಗಿಲ ಪಕ್ಕದಲ್ಲೇ ಇತ್ತು, ತುಂಬಿ ತುಳುಕುತ್ತಿತ್ತು. ಕಪ್ಪು, ಬಿಳಿ, ಕೆಂಚು, ಗುಂಗುರು, ಎಲ್ಲ ಜಾತಿಯ ಕೂದಲು. ಒಳಗೆ ಆರು ಕುರ್ಚಿ, ಆರರಲ್ಲೂ ಜನ. ಒಬ್ಬಳು ಅಜ್ಜಿ ಮುಖಕ್ಕೆ ಏನೋ ಬಳಿಸಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಗಾಜಿನ ಜಾಡಿಗಳಲ್ಲಿ ನೀಲಿ ನೀರು, ಅದರಲ್ಲಿ ಮುಳುಗಿದ ಬಾಚಣಿಗೆಗಳು. ಪ್ರತಿ ಜಾಡಿಯ ಪಕ್ಕ ಅಡುಗೆಮನೆಯ ಟೈಮರ್.

ಆ ಜಾಗಕ್ಕೆಲ್ಲ ಒಡತಿ ಒಬ್ಬ ಮೇಡಂ. ಅರವತ್ತರ ಹತ್ತಿರದ ಹೆಂಗಸು, ಕನ್ನಡಕಕ್ಕೆ ಸರಪಳಿ, ಬೀದಿಯ ಆಚೆಗೂ ಕೇಳುವ ಗಂಟಲು. ನಾನು ಕ್ಯಾಲೆಂಡರಿನ ಹಾಳೆ ತೆಗೆದು ಒಂದೊಂದೇ ಪ್ರಶ್ನೆ ಕೇಳಿದೆ. ಅವರು ಬಾಯಿಂದ ಹೇಳಲಿಲ್ಲ, ಗೋಡೆ ತೋರಿಸಿದರು. ಈ ವರ್ಷದ ಪರವಾನಗಿ. ಈ ಸಲ ನಾನು ಅಕ್ಷರ ಅಕ್ಷರ ಓದಿದೆ, ಕುರ್ಚಿ ಕಂಪನಿಯದಲ್ಲ. ಪಕ್ಕದಲ್ಲಿ ಪರೀಕ್ಷೆಯ ಪಟ್ಟಿ. ಹದಿನೆಂಟು ಜನ ಕೂತಿದ್ದರು, ಹದಿನಾಲ್ಕು ಪಾಸು.

‘ನಾಲ್ಕು ಜನ ಫೇಲಾಗಿದ್ದನ್ನೂ ಹಾಕಿದ್ದೀರಲ್ಲ ಮೇಡಂ?’

‘ಫೇಲಾದೋರು ನಮ್ಮೋರಲ್ವಾ? ಇಬ್ರು ಮತ್ತೆ ಕೂತು ಪಾಸಾದ್ರು. ಒಬ್ಬಳು ಇನ್ನೂ ಓದ್ತಿದ್ದಾಳೆ. ಇನ್ನೊಬ್ಬ ಹೋಟೆಲ್ ಇಟ್ಟ’ ಅಂದರು. ‘ಮೂರು ಜನ ಟೀಚರ್ಸ್ ಇದೀವಿ. ಬಾಚಣಿಗೆ ನೀರಲ್ಲಿ ಹತ್ತು ನಿಮಿಷ, ಟೈಮರ್ ಕೂಗೋವರೆಗೂ ಯಾರೂ ತೆಗೆಯೋ ಹಾಗಿಲ್ಲ. ಇನ್ನೇನು ಕೇಳಬೇಕು?’

‘ಇನ್ನು ಕೇಳೋದಿಲ್ಲ. ನನ್ನ ತಲೆ ಕೊಡ್ತೀನಿ’ ಅಂದೆ. ‘ನಿಮ್ಮ ಮಕ್ಕಳು ಯಾರಾದ್ರೂ ಕ್ಷೌರ ಮಾಡ್ಲಿ. ನೋಡ್ತೀನಿ.’

ಮಗಳು ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. ಯಾಕೆಂದು ನನಗೆ ಗೊತ್ತು. ನನ್ನ ತಲೆಯನ್ನು ಇಪ್ಪತ್ತು ವರ್ಷದಿಂದ ಮುಟ್ಟಿದವನು ಒಬ್ಬನೇ, ಪಕ್ಕದ ಬೀದಿಯ ಅಂಗಡಿಯವನು. ಅವನ ತಲೆ ನಾನು, ನನ್ನ ತಲೆ ಅವನು. ನನ್ನ ಕೂದಲು ನನ್ನ ಅಂಗಡಿಯ ಬೋರ್ಡು. ನರೆತರೂ ದಟ್ಟವಾಗಿದೆ, ಅಲೆಅಲೆಯಾಗಿ ಹಿಂದಕ್ಕೆ ಬಾಚಿಕೊಳ್ಳುತ್ತೇನೆ. ಪೋಸ್ಟ್‌ಮಾಸ್ತರರು ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ಆದರೆ ಮಗಳ ಒಂದು ವರ್ಷದ ಮುಂದೆ ಈ ಜುಟ್ಟು ಯಾವ ಲೆಕ್ಕ? ಕೂತೆ.

ಮೇಡಂ ಒಬ್ಬ ಹುಡುಗಿಯನ್ನು ಕರೆದರು. ತೆಳ್ಳಗೆ, ಎತ್ತರಕ್ಕೆ, ನನ್ನ ಮಗಳಷ್ಟೇ ವಯಸ್ಸು. ‘ನಮಸ್ಕಾರ ಅಂಕಲ್’ ಎಂದು ಬಟ್ಟೆ ಹೊದಿಸಿದಳು. ನಾನು ಕಣ್ಣು ಮುಚ್ಚಿದೆ. ಕತ್ತರಿಯ ಸದ್ದು ಕೇಳಿದರೆ ಸಾಕು, ಕೈ ಎಂಥದು ಎಂದು ತಿಳಿಯುತ್ತದೆ. ಸದ್ದು ಚೆನ್ನಾಗಿತ್ತು. ಅವಸರವಿಲ್ಲ, ತಡವರಿಕೆಯಿಲ್ಲ. ನೆತ್ತಿಯ ಕೆಲಸ ಮುಗಿಸಿದಳು. ‘ಪರವಾಗಿಲ್ಲ ಕಣೋ’ ಎಂದುಕೊಂಡೆ.

ಆಗ ನಾನು ಒಂದು ತಪ್ಪು ಮಾಡಿದೆ. ಕ್ಷೌರದವನಲ್ಲದ ಬೇರೆ ಯಾವನೂ ಆ ತಪ್ಪು ಮಾಡಲಾರ.

ನಮ್ಮ ಅಂಗಡಿಗಳಲ್ಲಿ ನೆತ್ತಿ ಆದ ಮೇಲೆ ಬಲಗಿವಿ. ಕತ್ತರಿ ಬಲಗಿವಿಗೆ ಬರುವ ಮುಂಚೆಯೇ ತಲೆಯನ್ನು ಎಡಕ್ಕೆ ವಾಲಿಸಿ ಕೊಡಬೇಕು. ಬೇರೆ ಗಿರಾಕಿಗಳಿಗೆ ನಾವೇ ಎರಡು ಬೆರಳಿನಿಂದ ತಳ್ಳುತ್ತೇವೆ. ನಮ್ಮ ನಮ್ಮಲ್ಲಿ ಮಾತ್ರ ಹೇಳುವುದೇ ಬೇಡ, ಕೂತವನೇ ಕೊಡುತ್ತಾನೆ. ಅದು ಕಸುಬಿನವರ ಮರ್ಯಾದೆ. ಹುಡುಗಿಗೆ ಒಂದಿಷ್ಟು ಸಹಾಯವಾಗಲಿ ಎಂದು ನಾನು ತಲೆಯನ್ನು ಚುರುಕಾಗಿ ಎಡಕ್ಕೆ ವಾಲಿಸಿದೆ.

ಆದರೆ ಆ ಹುಡುಗಿ ಎಡಗೈಯವಳು! ಎಡಗೈಯವರು ಎಡಗಿವಿಯಿಂದ ಶುರು ಮಾಡುತ್ತಾರೆ ಎಂದು ನಾನು ಕಂಡಿದ್ದೆನೇ? ಕಣ್ಣು ಬೇರೆ ಮುಚ್ಚಿದ್ದೆ. ಅಲ್ಲಿ ತೆರೆದು ಕಾಯುತ್ತಿದ್ದ ಕತ್ತರಿಯ ಬಾಯಿಗೆ ನಾನೇ ಹೋಗಿ ತಲೆ ಕೊಟ್ಟೆ. ಕಚ್ ಎಂದಿತು.

ಕಣ್ಣು ಬಿಟ್ಟೆ. ಕಿವಿಗೆ ಏನೂ ಆಗಿರಲಿಲ್ಲ. ಅದರ ಮೇಲೆ, ಮೂವತ್ತು ವರ್ಷ ಸಾಕಿದ ಅಲೆಗಳ ನಡುವೆ, ಒಂದು ಬೆಂಕಿಪೊಟ್ಟಣದಷ್ಟು ಅಗಲದ ಬಯಲು.

ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಆದರೂ ಅವಳು ಬಾಚಣಿಗೆಯಿಂದ ಅದನ್ನು ಮುಚ್ಚಲು ನೋಡಲಿಲ್ಲ. ‘ಅಂಕಲ್, ಕಿವಿ ಮೇಲೆ ಜಾಸ್ತಿ ಹೋಯ್ತು. ನಿಮ್ಮ ತಲೆ ಹಿಡ್ಕೊಂಡು ಕತ್ತರಿಸಬೇಕಿತ್ತು, ಹಿಡೀಲಿಲ್ಲ. ತಪ್ಪಾಯ್ತು’ ಎಂದಳು.

ಸಿಟ್ಟು ಬಂದಾಗ ಕತ್ತರಿ ಕೆಳಗಿಡಬೇಕು, ಸರಿ. ಕೈಯಲ್ಲಿ ಕತ್ತರಿಯೇ ಇಲ್ಲದಾಗ ಏನು ಮಾಡಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಬಟ್ಟೆಯೊಳಗಿನಿಂದ ಕೈ ತಾನಾಗಿ ಹೊರಬಂತು. ‘ತಾ ಇಲ್ಲಿ!’ ಎಂದು ಅವಳ ಕತ್ತರಿ ಕಿತ್ತುಕೊಂಡು, ಕನ್ನಡಿ ನೋಡಿಕೊಂಡು, ಬಯಲಿನ ಅಂಚನ್ನು ಸರಿಮಾಡಲು ಹೋದೆ.

ಕತ್ತರಿ ಕತ್ತರಿಸಲಿಲ್ಲ. ಕೂದಲು ಅಲಗುಗಳ ಮಧ್ಯೆ ಮಡಚಿಕೊಂಡು ಸಿಕ್ಕಿಹಾಕಿಕೊಂಡಿತು. ಇನ್ನೊಮ್ಮೆ ಒತ್ತಿದೆ. ಅದೇ ಕತೆ. ಎಳೆದರೆ ಬುಡಸಮೇತ ನೋವು. ‘ಅಯ್ಯಯ್ಯೋ!’ ಎಂದು ಕೂಗಿದೆ. ಗೊರಕೆಯ ಅಜ್ಜಿಗೂ ಎಚ್ಚರವಾಯಿತು.

‘ಎಡಗೈ ಕತ್ತರಿ ಅದು’ ಎಂದರು ಮೇಡಂ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ‘ನಿಮ್ ಬಲಗೈಗೆ ಅದು ಬಗ್ಗಲ್ಲ. ಎಷ್ಟು ವರ್ಷದಿಂದ ಅಂಗಡಿ ಇಟ್ಟಿದ್ದೀರಿ ಯಜಮಾನ್ರೇ?’

‘ನಿಮಗೆ ಹೇಗೆ ಗೊತ್ತಾಯ್ತು?’

‘ಕೇಳದೇ ತಲೆ ವಾಲಿಸೋರು ಇನ್ಯಾರು? ಕೊಡಿ ಅದನ್ನ. ಅವಳ ಕೈಗೆ ಕೊಡಿ, ನನ್ನ ಕೈಗಲ್ಲ. ಇಲ್ಲಿ ಕತ್ತರಿ ಒಬ್ಬರ ಕೈಯಿಂದ ಇನ್ನೊಬ್ಬರು ಕಿತ್ಕೊಳ್ಳೋ ಹಾಗಿಲ್ಲ. ನಾನೂ ಕಿತ್ಕೊಳ್ಳಲ್ಲ. ಕೆಡಿಸಿದ ಕೈಯೇ ಸರಿಮಾಡಬೇಕು. ಇಲ್ದೇ ಹೋದ್ರೆ ಕೆಡಿಸೋದು ಮಾತ್ರ ಕಲೀತಾರೆ, ಸರಿಮಾಡೋದು ಕಲಿಯೋಲ್ಲ.’

ಆಮೇಲೆ ಹುಡುಗಿಯ ಕಡೆ ತಿರುಗಿ, ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಈಗ ಏನ್ ಮಾಡ್ತೀಯಾ?’ ಎಂದು ಮಾತ್ರ ಕೇಳಿದರು.

ಹುಡುಗಿ ನನ್ನ ತಲೆಯ ಸುತ್ತ ಒಂದು ಸುತ್ತು ಬಂದಳು. ಯೋಚಿಸಿದಳು. ‘ಎರಡೂ ಪಕ್ಕ ಗಿಡ್ಡ ಮಾಡಿ, ಮೇಲೆ ಹೋಗ್ತಾ ಹೋಗ್ತಾ ಉದ್ದ ಬಿಡ್ತೀನಿ ಮೇಡಂ. ಅಂಕಲ್ ಒಪ್ಪಿದ್ರೆ.’ ಅಂಕಲ್ ಒಪ್ಪದೆ ಎಲ್ಲಿಗೆ ಹೋಗುತ್ತಾನೆ, ಅರ್ಧ ಬೋಳು ತಲೆ ಇಟ್ಟುಕೊಂಡು? ಹೂಂ ಅಂದೆ.

ಆಗಲೇ ನನ್ನ ಹಿಂದೆ ಕಿಸಕ್ ಎಂದು ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. ತಡೆಯಲಾಗದೆ ಗೋಡೆಗೆ ಒರಗಿದಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಅವಳ ನಗು ಕೇಳಿ ಎಷ್ಟು ತಿಂಗಳಾಗಿತ್ತು! ಜುಟ್ಟು ಹೋದರೆ ಹೋಗಲಿ, ಬಡ್ಡಿ ಸಮೇತ ವಾಪಸ್ಸು ಬಂತು ಎನ್ನಿಸಿತು.

‘ನಗು, ನಗು. ಅಪ್ಪನ ಮಾನ ಹೋಯ್ತಲ್ಲ, ಹಬ್ಬ ನಿನಗೆ’ ಎಂದೆ.

ಅವಳು ಕಣ್ಣೊರೆಸಿಕೊಂಡು ಕುರ್ಚಿಯ ಪಕ್ಕಕ್ಕೆ ಬಂದಳು. ನಗು ಇನ್ನೂ ಮುಖದಲ್ಲಿತ್ತು, ಆದರೆ ದನಿ ಬೇರೆಯಾಗಿತ್ತು. ‘ಅಪ್ಪಾ, ಬೇಜಾರು ಮಾಡ್ಕೋಬೇಡ. ನಮ್ಮ ಅಂಗಡೀಲಿ ನೀನು “ತಾ ಇಲ್ಲಿ” ಅಂತ ಎಷ್ಟು ಸಲ ನನ್ ಕೈಯಿಂದ ಕತ್ತರಿ ಕಿತ್ಕೊಂಡಿದ್ದೀಯಾ, ಗೊತ್ತಾ?’

‘ನಾನಾ?’

‘ಹೂಂ, ನೀನೇ. ಒಂದು ತಲೇನೂ ಪೂರ್ತಿ ಮಾಡಕ್ಕೆ ಬಿಡ್ಲಿಲ್ಲ. ಗಾಜಿನ ಶಾಲೇಲಿ ಟೀಚರ್ ಕಿತ್ಕೊಂಡಾಗ ನಂಗೆ ಅದು ತಪ್ಪು ಅಂತ ಅನ್ನಿಸ್ಲೇ ಇಲ್ಲಪ್ಪಾ. ನಂಗೆ ಕೆಲಸ ಬರಲ್ಲ, ಅದಕ್ಕೇ ಎಲ್ರೂ ಕಿತ್ಕೋತಾರೆ ಅಂದ್ಕೊಂಡೆ. ಅದಕ್ಕೇ ಏಳು ತಿಂಗಳು ಸುಮ್ನಿದ್ದೆ.’

ನಾನು ಕನ್ನಡಿಯಲ್ಲಿ ಅವಳನ್ನು ನೋಡಿದೆ. ಅವಳು ಬೈಯುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದಳು. ಅದಕ್ಕೇ ಹೆಚ್ಚು ನಾಟಿತು. ಪೋಸ್ಟ್‌ಮಾಸ್ತರರ ಮೊಮ್ಮಗನ ತಲೆ ನೆನಪಾಯಿತು. ಹದಿನಾರರ ಪಾಪು ನಾಲಿಗೆ ಹೊರಗೆ ಹಾಕಿ ಕತ್ತರಿಸುತ್ತಿದ್ದಳು, ಒಂದು ಕಡೆ ಸೊಟ್ಟಗಾಯಿತು, ನಾನು ‘ತಾ ಇಲ್ಲಿ’ ಎಂದೆ. ಆಮೇಲೆ ಪಕ್ಕದ ಮನೆಯವನ ತಲೆ. ಆಮೇಲೆ ಇನ್ಯಾರದೋ. ಗಿರಾಕಿಗೆ ಬೇಜಾರಾಗಬಾರದು ಎಂದು ನನ್ನ ಲೆಕ್ಕ. ಮಗಳು ಪಕ್ಕಕ್ಕೆ ಸರಿದು ಪೊರಕೆ ತೆಗೆದುಕೊಳ್ಳುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ. ಕೆಟ್ಟ ಶಾಲೆ ಹುಡುಕಿಕೊಂಡು ಊರೆಲ್ಲ ಸುತ್ತಿದೆ, ಮೊದಲನೆಯದನ್ನು ನಡೆಸುತ್ತಿದ್ದವನು ನಾನೇ.

‘ತಪ್ಪಾಯ್ತು ಪಾಪು’ ಎಂದೆ. ನನಗೆ ನಾಚಿಕೆಯಾಯಿತು, ಎಲ್ಲರೆದುರಿಗೇ ಆಯಿತು. ಆಗಲಿ ಎಂದು ಸುಮ್ಮನೆ ಕೂತೆ.

ಎಡಗೈ ಹುಡುಗಿಗೆ ಮುಕ್ಕಾಲು ಗಂಟೆ ಹಿಡಿಯಿತು. ಈ ಸಲ ಅವಳು ನನ್ನ ತಲೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮೇಡಂ ಕೈ ಬೆನ್ನ ಹಿಂದಿನಿಂದ ಮುಂದಕ್ಕೆ ಬರಲೇ ಇಲ್ಲ. ಕೊನೆಗೆ ಕನ್ನಡಿಯಲ್ಲಿ ಒಬ್ಬ ಹೊಸ ಮನುಷ್ಯ ಕೂತಿದ್ದ. ಪಕ್ಕಗಳು ಗಿಡ್ಡ, ಮೇಲೆ ಒಂದಿಷ್ಟು ಬಿಳಿ ಹುಲ್ಲು. ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿದ್ದೆ ಎಂದು ಅಜ್ಜಿ ಹೇಳಿದಳು. ಮುಖಕ್ಕೆ ಬಳಿದದ್ದು ಆಗ ಅವಳ ಕಣ್ಣೊಳಗೆ ಹೋಗಿತ್ತಂತೆ, ಇರಲಿ.

ಮಗಳು ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ಏನೇನೋ ಕೇಳುತ್ತಿದ್ದಳು. ವಾರಕ್ಕೆ ಎಷ್ಟು ತಲೆ ಸಿಗತ್ತೆ, ಚರ್ಮದ ಪಾಠ ಯಾರು ಮಾಡ್ತಾರೆ, ಮುಗಿಸಿದೋರಿಗೆ ಕೆಲಸ ಎಲ್ಲಿ ಸಿಕ್ಕಿದೆ. ನಾನು ಕಿವಿ ಕೊಡಲಿಲ್ಲ. ಕ್ಯಾಲೆಂಡರಿನ ಹಾಳೆಯನ್ನು ಅವಳ ಕೈಗೇ ಕೊಟ್ಟು, ‘ನೀನೇ ಆರಿಸು. ಅಪ್ಪ ಆರಿಸಿದ್ದು ಸಾಕು’ ಎಂದೆ.

ಅವಳು ಮೇಡಂ ಮುಂದೆ ನಿಂತು, ‘ಅರ್ಜಿ ಕೊಡಿ ಮೇಡಂ’ ಎಂದಳು.

ಮೇಡಂ ಅರ್ಜಿ ತೆಗೆದರು, ಆದರೆ ಕೊಡಲಿಲ್ಲ. ‘ಮೊದಲು ನಿಮ್ಮಪ್ಪನ ಕುತ್ತಿಗೆ ಮೇಲಿನ ಅಂಚು ಮುಗಿಸು. ಬೇಕಂತಲೇ ಅದನ್ನ ಉಳಿಸೋಕೆ ಹೇಳಿದ್ದೆ. ಆಮೇಲೂ ಬೇಕು ಅನ್ನಿಸಿದ್ರೆ ಸಹಿ ಹಾಕು.’

ಮಗಳ ಮುಖದ ನಗು ನಿಂತಿತು. ಬೇಡ ಎನ್ನುತ್ತಾಳೆ, ಮೆಟ್ಟಿಲಿಳಿದು ಹೋಗುತ್ತಾಳೆ, ಒಂದನೇ ತಾರೀಖು ಫ್ಯಾನಿನ ಕೆಳಗೆ ಕೂತು ಬಿಲ್ ಹಾಕುತ್ತಾಳೆ. ಎಲ್ಲ ನನ್ನ ಕಣ್ಣ ಮುಂದೆ ಬಂತು. ಅವಳು ಬ್ಯಾಗಿನ ತಳಕ್ಕೆ ಕೈ ಹಾಕಿ ಬಟ್ಟೆಯ ಗಂಟು ತೆಗೆದಳು. ಕತ್ತರಿಯನ್ನು ನೀಲಿ ನೀರಿನಲ್ಲಿ ಮುಳುಗಿಸಿ ಟೈಮರ್ ತಿರುಗಿಸಿದಳು. ನಮ್ಮ ಮನೆಯವಳು ಇದ್ದಿದ್ದರೆ ಕಣ್ಣೀರು ಹಾಕುತ್ತಿದ್ದಳು.

ಟೈಮರ್ ಕೂಗಿತು. ಕತ್ತರಿ ಒರೆಸಿಕೊಂಡು ಅವಳು ನನ್ನ ಹಿಂದೆ ಬಂದು ನಿಂತಳು. ಕುತ್ತಿಗೆಗೆ ತಾಗಿದ ಬೆರಳು ತಣ್ಣಗಿತ್ತು, ನಡುಗುತ್ತಿತ್ತು. ‘ಹೆದರಬೇಡ, ನಿಧಾನ, ಮೊದಲು ಮಧ್ಯಕ್ಕೆ ಒಂದು ಗುರುತು ಹಾಕ್ಕೋ’ ಎಂಬ ಮಾತುಗಳೆಲ್ಲ ನನ್ನ ಗಂಟಲಿನವರೆಗೆ ಬಂದು ಸಾಲು ನಿಂತವು. ಒಂದನ್ನೂ ಹೊರಗೆ ಬಿಡಲಿಲ್ಲ. ಕೈಗಳನ್ನು ಮಾತ್ರ ನಂಬುವ ಹಾಗಿರಲಿಲ್ಲ. ಬಟ್ಟೆಯೊಳಗೆ ಎರಡನ್ನೂ ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕೂತೆ.

ಕಚ್. ಕಚ್. ನಿಂತಿತು. ಮತ್ತೆ ಕಚ್. ಆಮೇಲೆ ಸದ್ದಿಲ್ಲ.

‘ಅಪ್ಪಾ’ ಎಂದಳು, ಸಣ್ಣ ದನಿಯಲ್ಲಿ. ‘ಬಲಗಡೆ ಸೊಟ್ಟಗಾಯ್ತು.’

ಕೆಳಗೆ ನನ್ನ ಕೈಗಳು ಮೇಲೇಳಲು ಒದ್ದಾಡಿದವು. ಇನ್ನೂ ಭಾರ ಹಾಕಿದೆ.

‘ಈಗ ಏನ್ ಮಾಡ್ತೀಯಾ?’ ಎಂದು ಕೇಳಿದೆ.

ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದು ನೋಡಿದಳು, ಬಗ್ಗಿ ನೋಡಿದಳು, ಇನ್ನೊಂದು ಕೈಯಿಂದ ನನ್ನ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕತ್ತರಿ ಮತ್ತೆ ಶುರುವಾಯಿತು. ಈ ಸಲ ನಡುವೆ ಎಲ್ಲೂ ನಿಲ್ಲಲಿಲ್ಲ. ಅರ್ಜಿಗೆ ಸಹಿ ಹಾಕುವಾಗ ಅವಳ ಬೆರಳಿಗೆ ನನ್ನ ಬಿಳಿ ಕೂದಲು ಅಂಟಿಕೊಂಡಿತ್ತು. ನನ್ನ ಎರಡೂ ಕೈ ಜೋಮು ಹಿಡಿದು, ಪೆನ್ನಿನ ಮುಚ್ಚಳ ತೆಗೆದುಕೊಡಲೂ ಆಗಲಿಲ್ಲ. ಅವಳೇ ತೆಗೆದುಕೊಂಡಳು.